ಆರೋಹಣ ತಂಡದ ಜೊತೆ ಎವರೆಸ್ಟ್ ಬೇಸ್ ಕ್ಯಾಂಪಿಗೆ: ಒಂದು ಚಾರಣ ಸೇವೆಯ ವಿಮರ್ಶೆ

ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ ಎಂಬ ಹೆಸರಿನಲ್ಲಿ ಕಠ್ಮಂಡುವಿನ ಸಂಸ್ಥೆಗಳು ಎರಡು ಬಗೆಯ ಸೇವೆಗಳನ್ನು ಮಾರುತ್ತವೆ. ಹೆಚ್ಚಿನವರು ಕೊಳ್ಳುವುದು ಮೊದಲನೆಯದನ್ನು. ಅದರಲ್ಲಿ ಲುಕ್ಲಾದಿಂದ ನಡೆದು, ದಾರಿಯುದ್ದಕ್ಕೂ ಲಾಡ್ಜ್‌ಗಳಲ್ಲಿ ತಂಗಿ, ಕೊನೆಯ ತಂಗುದಾಣವಾದ ಗೋರಕ್‌ಶೆಪ್‌ನಿಂದ ಬೇಸ್ ಕ್ಯಾಂಪಿನ ಅಂಚಿಗೆ ಹೋಗಿ, ಹೆಸರು ಬರೆದಿರುವ ಬಂಡೆಯ ಮುಂದೆ ಫೋಟೊ ತೆಗೆಸಿಕೊಂಡು ಅದೇ ದಿನ ಹಿಂತಿರುಗಬೇಕು. ಎರಡನೆಯದಕ್ಕೆ ಅಷ್ಟು ಪ್ರಚಾರವಿಲ್ಲ. ವಸಂತದಲ್ಲಿ ಶಿಖರ ಏರಲು ಬರುವ ತಂಡವೊಂದರ ಜೊತೆಗೇ ಮೇಲಕ್ಕೆ ನಡೆದು, ಅವರ ಡೇರೆಗಳ ನಡುವೆಯೇ ಕೆಲವು ರಾತ್ರಿ ಕಳೆದು, ಅವರು ಆರೋಹಣ ಆರಂಭಿಸುವ ಹೊತ್ತಿಗೆ ನಾವು ಕೆಳಗಿಳಿಯುವ ವ್ಯವಸ್ಥೆ ಇದು. ಈ ವಿಮರ್ಶೆ ಅದರ ಬಗ್ಗೆ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಕಠ್ಮಂಡುವಿನ ಪ್ರವಾಸಿ ಬಡಾವಣೆ ಥಮೇಲ್‌ನಲ್ಲಿ ಇದೇ ಸೇವೆಯನ್ನು ಇದೇ ಮಾತುಗಳಲ್ಲಿ ಮಾರುವ ಕಚೇರಿಗಳು ಹಲವಿದ್ದು, ಇಲ್ಲಿ ಹೇಳುವ ಗುಣದೋಷಗಳನ್ನು ಅವುಗಳಲ್ಲಿ ಯಾವುದನ್ನು ಆಯ್ದುಕೊಳ್ಳುವಾಗಲೂ ಪರೀಕ್ಷಿಸಿ ನೋಡಬೇಕಾಗುತ್ತದೆ.

ಬೆಲೆ ಸಾಮಾನ್ಯ ಚಾರಣದ ಹೆಚ್ಚುಕಡಿಮೆ ದುಪ್ಪಟ್ಟು. ಅಷ್ಟು ತೆರುವವರು ಬೇಸ್ ಕ್ಯಾಂಪಿನ ಬಿಸಿ ಡೇರೆ, ಅಡುಗೆಯವರ ಕೈಚಳಕ, ಆರೋಹಿಗಳ ಒಡನಾಟ ಮುಂತಾದವನ್ನು ನೆನೆದು ತೆರುತ್ತಾರೆ, ಕರಪತ್ರವೂ ಅವನ್ನೇ ಹೊಗಳುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಈ ಸೇವೆಯಲ್ಲಿ ನಿಜವಾಗಿ ಬೆಲೆಬಾಳುವುದು ನಿಧಾನ. ಎರಡು ತಿಂಗಳ ಕೆಲಸ ಮುಂದಿರುವ ಆರೋಹಿಗಳಿಗೆ ಬೇಸ್ ಕ್ಯಾಂಪನ್ನು ಬೇಗ ಮುಟ್ಟುವ ಗರಜಿಲ್ಲ, ಅಲ್ಲಿಗೆ ಆರೋಗ್ಯವಾಗಿ ತಲುಪುವುದಷ್ಟೇ ಮುಖ್ಯ. ಅವರಿಗಾಗಿ ಹಾಕಿದ ವೇಳಾಪಟ್ಟಿಯ ಲಾಭ ಜೊತೆಗೆ ನಡೆಯುವ ಚಾರಣಿಗರಿಗೂ ಸಿಗುತ್ತದೆ. ಸೇವೆಯ ಉಳಿದ ಭಾಗಗಳಲ್ಲಿ ಕೆಲವು ಚೆನ್ನಾಗಿವೆ, ಕೆಲವು ಸಾಧಾರಣ, ಕಚೇರಿಯ ಕಾಗದಪತ್ರಗಳ ಭಾಗವಂತೂ ಕಳಪೆ.

ಕಳಪೆಯದನ್ನೇ ಮೊದಲು ಹೇಳಿ ಮುಗಿಸುತ್ತೇನೆ. ಚಾರಣದ ದಾರಿ ಹಾಯುವ ಸಗರಮಾತಾ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಸಾರ್ಕ್ ದೇಶಗಳ ನಾಗರಿಕರಿಗೆ 1,500 ನೇಪಾಳಿ ರೂಪಾಯಿ, ಉಳಿದ ವಿದೇಶಿಯರಿಗೆ 3,000, ತೆರಿಗೆ ಪ್ರತ್ಯೇಕ. ಕಚೇರಿ ಕಳಿಸಿದ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆಯೂ ದೊಡ್ಡ ಮೊತ್ತವೇ ಇತ್ತು. ಕೇಳಿದಾಗ ‘ಪ್ಯಾಕೇಜ್ ದರ’ ಎಂಬ ಉತ್ತರ ಬಂತು. ವ್ಯತ್ಯಾಸ ದೊಡ್ಡದೇನಲ್ಲ. ಆದರೆ ಸರಕಾರ ಕೊಟ್ಟ ರಿಯಾಯಿತಿಯನ್ನು ಮಧ್ಯವರ್ತಿ ತನ್ನ ಜೇಬಿಗೆ ಇಳಿಸಿಕೊಳ್ಳುವುದನ್ನು ಪ್ಯಾಕೇಜ್ ಎಂದು ಕರೆಯಲಾಗದು. ಇದಕ್ಕಿಂತ ತೊಂದರೆ ಕೊಟ್ಟದ್ದು ವಿಮಾನದ ವಿಷಯ. ಕರಪತ್ರದಲ್ಲಿ ‘ಕಠ್ಮಂಡು–ಲುಕ್ಲಾ ವಿಮಾನ’ ಎಂದಿದ್ದರೂ, ದಟ್ಟಣೆಯ ತಿಂಗಳುಗಳಲ್ಲಿ ಲುಕ್ಲಾ ವಿಮಾನಗಳಲ್ಲಿ ಹೆಚ್ಚಿನವು ಹೊರಡುವುದು ರಾಮೆಛಾಪ್ ಜಿಲ್ಲೆಯ ಮಂಥಲಿಯಿಂದ. ಅಲ್ಲಿಗೆ ಕಠ್ಮಂಡುವಿನಿಂದ ನಾಲ್ಕೈದು ಗಂಟೆಯ ತಿರುವುಮುರುವು ರಸ್ತೆ. ಬೆಳಗಿನ ಮೊದಲ ಹಾರಾಟ ಸಿಗಬೇಕೆಂದರೆ ನಡುರಾತ್ರಿ ದಾಟುತ್ತಲೇ ಜೀಪು ಹತ್ತಬೇಕು. ಈ ಮಾಹಿತಿ ನಮಗೆ ಸಿಕ್ಕಿದ್ದು ಹೊರಡುವ ಹಿಂದಿನ ಸಂಜೆ. ಎತ್ತರಕ್ಕೆ ಹೋಗುವ ಮುನ್ನಿನ ರಾತ್ರಿಯ ನಿದ್ದೆಯನ್ನು ಹೀಗೆ ಕಳೆಯುವುದಾದರೆ, ಅದನ್ನು ಮೊದಲೇ ತಿಳಿದು ಮಂಥಲಿಯಲ್ಲೇ ಒಂದು ರಾತ್ರಿ ತಂಗುವ ಅವಕಾಶವನ್ನಾದರೂ ಗಿರಾಕಿಗೆ ಕೊಡಬೇಕಿತ್ತು.

ವಿಮಾನದಲ್ಲಿ ಕೈಚೀಲವೂ ಸೇರಿ ತಲೆಗೆ 15 ಕೆ.ಜಿ. ಮಿತಿಯಿದೆ, ಅದರಲ್ಲಿ ಮುಲಾಜಿಲ್ಲ. ಲುಕ್ಲಾದ ತೇನ್‌ಸಿಂಗ್–ಹಿಲರಿ ವಿಮಾನ ನಿಲ್ದಾಣದ ಓಡುದಾರಿ 527 ಮೀಟರ್ ಉದ್ದವಿದ್ದು, ಬೆಟ್ಟದ ಕಡೆಗೆ ಶೇ 12ರ ಸಮೀಪದ ಏರಿನಲ್ಲಿದೆ. ಕಣಿವೆಯಲ್ಲಿ ಮೋಡ ತುಂಬಿದರೆ ಹಾರಾಟ ನಿಲ್ಲುತ್ತದೆ, ಅದಕ್ಕೆ ಯಾವ ಸಂಸ್ಥೆಯನ್ನೂ ದೂರಬೇಕಾಗಿಲ್ಲ. ವೇಳಾಪಟ್ಟಿಯ ಕೊನೆಯಲ್ಲಿ ಹೆಚ್ಚುವರಿ ದಿನಗಳನ್ನು ಇಟ್ಟಿದ್ದಾರೆಯೇ ಎಂಬುದನ್ನು ಮಾತ್ರ ನೋಡಬೇಕು. ಇವರು ಇಟ್ಟಿದ್ದರು.

ಲುಕ್ಲಾದಲ್ಲಿ ಇಳಿದ ಕ್ಷಣದಿಂದ ಸೇವೆಯ ಗುಣವೇ ಬದಲಾಯಿತೆನ್ನಬೇಕು, ಏಕೆಂದರೆ ಅಲ್ಲಿಂದ ಮುಂದೆ ಹೊಣೆ ಸರ್ದಾರರದು, ಅಂದರೆ ಚಾರಣ ಸಿಬ್ಬಂದಿಯ ಮುಖ್ಯಸ್ಥರದು. ಸಿಬ್ಬಂದಿಯೆಲ್ಲ ‘ದಾಯಿ’ (ಅಣ್ಣ) ಎಂದು ಕರೆಯುತ್ತಿದ್ದ ಅವರು ಐವತ್ತು ದಾಟಿದ ಶೆರ್ಪಾ. ಮಾತು ಕಡಿಮೆ, ಕಣ್ಣು ಚುರುಕು. ಬಹಳಷ್ಟು ಚಾರಣ ತಂಡಗಳು ಮೊದಲ ರಾತ್ರಿ 2,610 ಮೀಟರ್ ಎತ್ತರದ ಫಾಕ್‌ಡಿಂಗ್‌ನಲ್ಲಿ ತಂಗಿ ಮರುದಿನವೇ 3,440 ಮೀಟರ್‌ನ ನಾಮ್ಚೆ ಬಜಾರ್ ಏರಿಬಿಡುತ್ತವೆ. ನಮ್ಮವರು ನಡುವೆ ಮೋಂಜೋದಲ್ಲಿ ಮತ್ತೊಂದು ರಾತ್ರಿ ನಿಲ್ಲಿಸಿದರು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ಪರ್ವತ ವೈದ್ಯಕೀಯದ ಸಾಮಾನ್ಯ ನಿಯಮ. ಊರುಗಳಿರುವ ಜಾಗ ನಿಯಮದ ಪ್ರಕಾರ ಇರುವುದಿಲ್ಲವಾದ್ದರಿಂದ ಅದನ್ನು ಅಕ್ಷರಶಃ ಪಾಲಿಸುವುದು ಖುಂಬು ಕಣಿವೆಯಲ್ಲಿ ಕಷ್ಟ. ದೊಡ್ಡ ಏರು ಬಂದಲ್ಲಿ ಮರುದಿನ ನಿಲ್ಲಿಸಿ ಸರಿದೂಗಿಸುವುದೇ ಉಪಾಯ, ಮತ್ತು ಇಡೀ ನಡಿಗೆಯಲ್ಲಿ ಒಮ್ಮೆಯೂ ಆ ಲೆಕ್ಕ ತಪ್ಪಲಿಲ್ಲ.

ನಿಲ್ಲುವುದೆಂದರೆ ಮಲಗಿರುವುದಲ್ಲ. ನಾಮ್ಚೆಯಲ್ಲಿ ತಂಗಿದ್ದಾಗ ಮೇಲಿನ ಖುಂಜುಂಗ್‌ವರೆಗೆ ಏರಿಸಿ, ಹಿಲರಿಯವರು 1961ರಲ್ಲಿ ಕಟ್ಟಿಸಿದ ಶಾಲೆಯ ಅಂಗಳದಲ್ಲಿ ಕೂರಿಸಿ, ಮತ್ತೆ ಕೆಳಗೆ ತಂದು ಮಲಗಿಸಿದರು. ಡಿಂಗ್‌ಬೋಚೆಯಲ್ಲಿ ಊರಿನ ಹಿಂದಿನ ದಿಣ್ಣೆಯ ಮೇಲೂ ಇದೇ ಕ್ರಮ. ತಂಡದಲ್ಲಿದ್ದ ಇಬ್ಬರು ಯುವಕರು ಈ ನಿಧಾನಕ್ಕೆ ಬೇಸತ್ತು, ಬೇರೆ ತಂಡಗಳು ನಮ್ಮನ್ನು ದಾಟಿ ಹೋಗುವುದನ್ನು ತೋರಿಸಿ ಗೊಣಗುತ್ತಿದ್ದರು. ಸರ್ದಾರರು ವಾದಕ್ಕೆ ಇಳಿಯುತ್ತಿರಲಿಲ್ಲ. ಅವರೇ ಮುಂದೆ ನಡೆಯುತ್ತಿದ್ದರು, ಅವರನ್ನು ದಾಟಬಾರದೆಂಬುದು ಒಂದೇ ನಿಯಮ. ಏರಿನಲ್ಲಿ ಅವರ ಹೆಜ್ಜೆ ಎಷ್ಟು ಗಿಡ್ಡವಾಗುತ್ತಿತ್ತೆಂದರೆ, ಹಿಂದಿನ ಪಾದದ ಬೆರಳು ಮುಂದಿನ ಪಾದದ ಹಿಮ್ಮಡಿಯನ್ನು ದಾಟಿ ಅಂಗೈಯಗಲ ಮಾತ್ರ ಹೋಗುತ್ತಿತ್ತು. ಆ ಹೆಜ್ಜೆಯಲ್ಲಿ ನಡೆದರೆ ಮಾತನಾಡುವಷ್ಟು ಉಸಿರು ಉಳಿಯುತ್ತದೆ, ಬೆವರು ಬರುವುದಿಲ್ಲ, ನಿಂತಾಗ ಚಳಿ ಹಿಡಿಯುವುದಿಲ್ಲ. ಗೊಣಗುತ್ತಿದ್ದವರೂ ಥುಕ್ಲಾ ಕಣಿವೆದಾರಿಯ ಏರು ಬರುವ ಹೊತ್ತಿಗೆ ಸುಮ್ಮನಾಗಿದ್ದರು.

ಈ ಸೇವೆಯನ್ನು ನಾನು ಶಿಫಾರಸು ಮಾಡಲು ಮುಖ್ಯ ಕಾರಣ ಡಿಂಗ್‌ಬೋಚೆಯಲ್ಲಿ ನಡೆದ ಒಂದು ಪ್ರಸಂಗ. 4,410 ಮೀಟರ್ ಎತ್ತರದ ಆ ಊರಿನಲ್ಲಿ ಸಹಚಾರಣಿಗರೊಬ್ಬರಿಗೆ ಸಂಜೆ ತಲೆನೋವು ಶುರುವಾಗಿ, ರಾತ್ರಿ ಊಟ ಸೇರದೆ, ಬೆಳಿಗ್ಗೆ ವಾಂತಿಯಾಯಿತು. ಸರ್ದಾರರು ಲಾಡ್ಜಿನ ಅಂಗಳದಲ್ಲಿ ಕೋಲಿನಿಂದ ನೇರ ಗೆರೆ ಎಳೆದು, ಅದರ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ನಡೆಯಲು ಅವರಿಗೆ ಹೇಳಿದರು. ಆ ನಡಿಗೆ ತೂರಾಡಿದರೆ ಮೆದುಳಿನಲ್ಲಿ ಊತ ಆರಂಭವಾಗಿರುವ ಸಂಶಯ, ಆಗ ಒಂದು ಗಳಿಗೆಯೂ ಕಾಯುವಂತಿಲ್ಲ. ನಡಿಗೆ ನೇರವಾಗಿತ್ತು. ಆದರೂ ಅವರನ್ನು ಮೇಲಕ್ಕೆ ಒಯ್ಯುವ ಮಾತೇ ಬರಲಿಲ್ಲ. ಸಹಾಯಕ ಮಾರ್ಗದರ್ಶಿಯ ಜೊತೆ ಪಕ್ಕದ ಫೆರಿಚೆಯಲ್ಲಿರುವ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಶನ್‌ನ ಚಿಕಿತ್ಸಾಲಯಕ್ಕೆ ಕಳಿಸಿ, ವೈದ್ಯರ ಸಲಹೆಯಂತೆ ಅಲ್ಲಿಂದ ಇನ್ನೂ ಕೆಳಗೆ ಪಾಂಗ್‌ಬೋಚೆಗೆ ಇಳಿಸಲಾಯಿತು. ತಗ್ಗಿಗೆ ಬಂದ ಮೇಲೆ ಅವರು ಚೇತರಿಸಿಕೊಂಡು, ತಡವಾಗಿಯಾದರೂ ಬೇಸ್ ಕ್ಯಾಂಪಿನಲ್ಲಿ ನಮ್ಮನ್ನು ಸೇರಿಕೊಂಡರು. ಒಬ್ಬ ಗಿರಾಕಿಗಾಗಿ ಒಬ್ಬ ಸಿಬ್ಬಂದಿಯನ್ನು ಕೆಳಗೆ ಕಳಿಸಿಯೂ ತಂಡ ನಡೆಯಬಲ್ಲದು ಎಂದರೆ ಸಿಬ್ಬಂದಿಯ ಸಂಖ್ಯೆ ಸಾಕಷ್ಟಿದೆ ಎಂದರ್ಥ. ಅಗ್ಗದ ಪ್ಯಾಕೇಜುಗಳಲ್ಲಿ ಮೊದಲು ಕತ್ತರಿ ಬೀಳುವುದು ಅಲ್ಲಿಯೇ.

ಆಕ್ಸಿಮೀಟರ್ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ರತಿ ಸಂಜೆ ಬೆರಳಿಗೆ ಅದನ್ನು ಸಿಕ್ಕಿಸಿ ರಕ್ತದ ಆಮ್ಲಜನಕದ ಅಂಕಿಯನ್ನು ಬರೆದುಕೊಳ್ಳುವುದು ಸೇವೆಯ ಭಾಗ. ಕೆಲವೇ ದಿನಗಳಲ್ಲಿ ಅದು ಪರೀಕ್ಷೆಯ ಅಂಕದಂತಾಗಿ, ಯಾರದು ಹೆಚ್ಚು ಯಾರದು ಕಡಿಮೆ ಎಂಬ ಪೈಪೋಟಿ ಹುಟ್ಟಿಕೊಂಡಿತು, ಕಡಿಮೆ ಬಂದವರು ರಾತ್ರಿಯೆಲ್ಲ ಚಿಂತಿಸತೊಡಗಿದರು. ಬೇಸ್ ಕ್ಯಾಂಪಿನಲ್ಲಿ ವಾಯುಭಾರ ಸಮುದ್ರಮಟ್ಟದ ಸುಮಾರು ಅರ್ಧದಷ್ಟಿರುವುದರಿಂದ ಆರೋಗ್ಯವಂತರಲ್ಲೂ ಅಂಕಿ 80ರ ಆಸುಪಾಸಿಗೆ ಇಳಿಯುವುದು ಅಲ್ಲಿ ಅಸಹಜವಲ್ಲ. ಇದನ್ನು ಗಮನಿಸಿದ ಸರ್ದಾರರು ಅಂಕಿಗಳನ್ನು ಗಟ್ಟಿಯಾಗಿ ಓದುವುದನ್ನೇ ನಿಲ್ಲಿಸಿ, ತಲೆನೋವು, ಹಸಿವು, ನಿದ್ದೆ ಇವುಗಳ ಬಗ್ಗೆ ಮಾತ್ರ ಕೇಳತೊಡಗಿದರು. ಇನ್ನು ಅಸಿಟಜೋಲಮೈಡ್ ಮಾತ್ರೆ, ಅಂದರೆ ಎಲ್ಲರೂ ಡೈಮಾಕ್ಸ್ ಎನ್ನುವುದು. ಮುನ್ನೆಚ್ಚರಿಕೆಯಾಗಿ ದಿನಕ್ಕೆರಡು ಬಾರಿ 125 ಮಿ.ಗ್ರಾಂ. ತೆಗೆದುಕೊಳ್ಳುವುದು ರೂಢಿ. ಬೆರಳ ತುದಿ ಜುಮ್ಮೆನ್ನುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು ಅದರ ಜೊತೆಗೆ ಬರುತ್ತವೆ. ಸಲ್ಫಾ ಔಷಧಗಳು ಒಗ್ಗದವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಮಾತ್ರೆಯನ್ನು ತರಲು ಹೇಳಿದ ಕಚೇರಿಯ ಆರೋಗ್ಯ ನಮೂನೆಯಲ್ಲಿ ಒಗ್ಗದ ಔಷಧಗಳ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ.

ಲಾಡ್ಜುಗಳ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ತೆಳು ಹಲಗೆಯ ಗೋಡೆಗಳ ಕೋಣೆ, ಊಟದ ಕೋಣೆಯ ನಡುವೆ ಬೆರಣಿ ಉರಿಸುವ ಒಲೆ, ಮೇಲೇರಿದಂತೆ ಏರುವ ದರಗಳು. ಬಿಸಿನೀರು, ಮೊಬೈಲ್ ಚಾರ್ಜು, ವೈಫೈ ಎಲ್ಲಕ್ಕೂ ಬೇರೆ ಹಣ. ಬೇಳೆ ಸಾರು, ಅನ್ನ, ಪಲ್ಯ, ಹಪ್ಪಳದ ದಾಲ್‌ಭಾತ್ ಎಲ್ಲೆಡೆ ಸಿಗುತ್ತದೆ, ಕೇಳಿದಷ್ಟು ಬಡಿಸುತ್ತಾರೆ. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ. ಮಾಂಸವನ್ನು ದಿನಗಟ್ಟಲೆ ಕೆಳಗಿನಿಂದ ಹೊತ್ತು ತರುವುದರಿಂದ ಅದನ್ನು ತಿನ್ನುವವರೂ ನಾಮ್ಚೆ ದಾಟಿದ ಮೇಲೆ ಬಿಡುವುದು ಒಳ್ಳೆಯದೆಂದು ಸರ್ದಾರರು ಹೇಳಿದರು, ಎಲ್ಲರೂ ಕೇಳಿದರು.

ಹೊರೆಯಾಳುಗಳ ವಿಷಯದಲ್ಲಿ ಕರಪತ್ರದ ಮಾತು ಅರ್ಧ ಮಾತ್ರ ನಿಜ. ಚಾರಣಿಗರ ಡಫಲ್ ಚೀಲಗಳನ್ನು ಲುಕ್ಲಾದಲ್ಲಿ ಎಲ್ಲರೆದುರು ತಕ್ಕಡಿಗೆ ತೂಗುಹಾಕಿ, ಎರಡು ಚೀಲಕ್ಕೆ ಒಬ್ಬರಂತೆ, ತಲಾ 30 ಕೆ.ಜಿ. ಮೀರದಂತೆ ಹಂಚಲಾಯಿತು. ಅವರಿಗೆ ವಿಮೆಯಿತ್ತು, ಬೆಚ್ಚನೆಯ ಜಾಕೆಟ್ಟು, ಒಳ್ಳೆಯ ಶೂ ಇತ್ತು. ಆದರೆ ಆರೋಹಣ ತಂಡದ ಸರಕು ಬೇರೆ ಗುತ್ತಿಗೆದಾರರ ಮೂಲಕ ಸಾಗುತ್ತದೆ. ಅದು ಯಾಕ್ ಮತ್ತು ಜೋಪ್ಕ್ಯೋಗಳ (ಯಾಕ್–ದನದ ಮಿಶ್ರತಳಿ) ಬೆನ್ನ ಮೇಲೆ ಹೋಗುವಷ್ಟು ಹೋಗಿ, ಉಳಿದದ್ದು ಜನರ ಬೆನ್ನೇರುತ್ತದೆ. ಟೆಂಗ್‌ಬೋಚೆಯ ಏರಿನಲ್ಲಿ ಒಬ್ಬ ಹುಡುಗ ಡೋಕೋ ಬುಟ್ಟಿಯ ಮೇಲೆ ಎರಡು ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು, ಹಣೆಗೆ ನಾಮ್ಲೋ ಪಟ್ಟಿ ಬಿಗಿದು, ಪ್ರತಿ ಇಪ್ಪತ್ತು ಮೂವತ್ತು ಹೆಜ್ಜೆಗೆ ತೋಕ್ಮಾ ಎಂಬ ಗಿಡ್ಡ ಊರುಗೋಲನ್ನು ಬುಟ್ಟಿಯ ಅಡಿಗೆ ಕೊಟ್ಟು ನಿಂತು ಉಸಿರು ಬಿಡುತ್ತಿದ್ದ. ಪಟ್ಟಿಯ ಕೆಳಗೆ ಹಣೆಯ ಚರ್ಮ ಹೊಳಪುಗಟ್ಟಿತ್ತು. ಕಾಲಿಗೆ ಸವೆದ ಕ್ಯಾನ್ವಾಸ್ ಶೂ. ಅದು ನಾವು ಹೋಗುತ್ತಿದ್ದ ಶಿಬಿರದ್ದೇ ಸರಕು. ಹೆಚ್ಚು ತೂಕಕ್ಕೆ ಹೆಚ್ಚು ಕೂಲಿ ಸಿಗುವುದರಿಂದ ಅವರೇ ಕೇಳಿ ಹೊರುತ್ತಾರೆಂಬ ವಿವರಣೆ ಸುಳ್ಳಲ್ಲದಿರಬಹುದು. ಆದರೂ ‘ನಮ್ಮ ಹೊರೆಯಾಳುಗಳಿಗೆ ನ್ಯಾಯಯುತ ಭಾರ’ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸುವ ಸಂಸ್ಥೆ, ಗುತ್ತಿಗೆಯವರನ್ನು ಆ ‘ನಮ್ಮ’ದಿಂದ ಹೊರಗಿಡುವುದು ಒಪ್ಪುವಂಥದಲ್ಲ.

ಬೇಸ್ ಕ್ಯಾಂಪ್ 5,364 ಮೀಟರ್ ಎತ್ತರದಲ್ಲಿ, ಖುಂಬು ಹಿಮನದಿಯ ಮೇಲೆಯೇ ಇದೆ. ಮೇಲ್ನೋಟಕ್ಕೆ ಜಲ್ಲಿಕಲ್ಲಿನ ಬಯಲಿನಂತೆ ಕಂಡರೂ ಕಲ್ಲಿನ ಅಡಿಯಲ್ಲಿ ಮಂಜುಗಡ್ಡೆ, ಅದು ಚಲಿಸುತ್ತಲೇ ಇರುತ್ತದೆ, ಬಿಸಿಲಿಗೆ ಕರಗುತ್ತಲೂ ಇರುತ್ತದೆ. ಡೇರೆಯ ನೆರಳು ಬಿದ್ದ ಜಾಗ ಕರಗದೆ ಸುತ್ತಲಿನದು ಇಳಿಯುವುದರಿಂದ ವಾರಗಳು ಕಳೆದಂತೆ ಡೇರೆ ದಿಬ್ಬದ ಮೇಲೆ ಕೂತಂತಾಗಿ, ಸಿಬ್ಬಂದಿ ಅದನ್ನು ಕಿತ್ತು, ಮಂಜು ಕಡಿದು, ನೆಲ ಮಟ್ಟಮಾಡಿ ಮತ್ತೆ ಹೂಡುತ್ತಾರೆ. ನಮಗೆ ಕೊಟ್ಟದ್ದು ಒಬ್ಬರಿಗೊಂದು ಡೇರೆ, ದಪ್ಪ ಫೋಮಿನ ಹಾಸಿಗೆ. ಊಟದ ಡೇರೆಯಲ್ಲಿ ಗ್ಯಾಸ್ ಹೀಟರ್, ಸಂಜೆಗೆ ಬೆಳ್ಳುಳ್ಳಿ ಸೂಪು. ಅಡುಗೆಯವರು ಪ್ರೆಶರ್ ಕುಕ್ಕರ್ ಇಲ್ಲದೆ ಬೇಳೆ ಬೇಯದ ಆ ಎತ್ತರದಲ್ಲಿ ಬಿಸಿ ಬಿಸಿ ರೊಟ್ಟಿ ಬಡಿಸಿದ್ದನ್ನು ಹೊಗಳದಿದ್ದರೆ ಅನ್ಯಾಯವಾಗುತ್ತದೆ. ಶೌಚದ ಏರ್ಪಾಡು ಅಚ್ಚುಕಟ್ಟಾಗಿತ್ತು. ಮಲಕ್ಕೆ ಡ್ರಮ್ಮು ಇಟ್ಟ ಡೇರೆ, ಮೂತ್ರಕ್ಕೆ ಬೇರೆ ಜಾಗ. ಡ್ರಮ್ಮು ತುಂಬಿದಾಗ ಅದನ್ನು ತೂಗಿ, ಹೊರೆಯಾಳುಗಳ ಮೂಲಕ ಕೆಳಗೆ ಸಾಗಿಸುತ್ತಾರೆ. ಇದರ ಮೇಲ್ವಿಚಾರಣೆ 1991ರಲ್ಲಿ ಆರಂಭವಾದ ಸಗರಮಾತಾ ಮಾಲಿನ್ಯ ನಿಯಂತ್ರಣ ಸಮಿತಿಯದು. ಶಿಬಿರದ ಮೇಲೆ ಹಿಮನದಿ ಒಡೆದು ಇಳಿಯುವ ಐಸ್‌ಫಾಲ್‌ನಲ್ಲಿ ಏಣಿ, ಹಗ್ಗ ಕಟ್ಟಿ ದಾರಿ ಮಾಡುವ ಶೆರ್ಪಾ ತಂಡವೂ ಅದೇ ಸಮಿತಿಯ ಅಡಿಯಲ್ಲಿದೆ.

ದುಪ್ಪಟ್ಟು ಹಣಕ್ಕೆ ಸಿಗುವ ನೋಟ ಇಲ್ಲಿದೆ. ಮಧ್ಯಾಹ್ನ ಬಂದು ಫೋಟೊ ತೆಗೆದು ಹೋಗುವವರಿಗೆ ಶಿಬಿರ ಬಣ್ಣದ ಡೇರೆಗಳ ಸಾಲು ಮಾತ್ರ. ಒಳಗೆ ತಂಗಿದವರಿಗೆ ಅದು ಕೆಲಸ ನಡೆಯುವ ಊರು. ಅಡುಗೆ ಡೇರೆಯ ಹಿಂದೆ ಹಗ್ಗದ ಸುರುಳಿಗಳನ್ನು ಅಳೆಯುವವರು, ಮಂಜಿನ ಮೇಲೆ ನಡೆಯಲು ಬೂಟಿಗೆ ಕಟ್ಟುವ ಕ್ರ್ಯಾಂಪಾನಿನ ಹಲ್ಲುಗಳನ್ನು ಅರದಿಂದ ಮಸೆಯುವವರು, ಆಮ್ಲಜನಕದ ಸಿಲಿಂಡರುಗಳ ಒತ್ತಡವನ್ನು ಒಂದೊಂದಾಗಿ ನೋಡಿ ಬರೆದುಕೊಳ್ಳುವವರು. ಕಲ್ಲು ಪೇರಿಸಿ ಕಟ್ಟಿದ ಪೀಠದೆದುರು ಪೂಜೆ ನಡೆಯುವವರೆಗೆ ಶೆರ್ಪಾಗಳು ಐಸ್‌ಫಾಲ್‌ಗೆ ಕಾಲಿಡುವುದಿಲ್ಲ. ಲಾಮಾ ಮಂತ್ರ ಪಠಿಸುವಾಗ ಹಿಮಗೊಡಲಿಗಳನ್ನೂ ಕ್ರ್ಯಾಂಪಾನುಗಳನ್ನೂ ಪೀಠಕ್ಕೆ ಒರಗಿಸಿಟ್ಟು, ಧೂಪದ ಹೊಗೆ ಹಾಕಿ, ಕೊನೆಗೆ ಒಬ್ಬರ ಕೆನ್ನೆಗೊಬ್ಬರು ಹಿಟ್ಟು ಹಚ್ಚುತ್ತಾರೆ. ನಮ್ಮ ವೇಳಾಪಟ್ಟಿಯನ್ನು ಪೂಜೆಯ ದಿನಕ್ಕೆ ಹೊಂದಿಸಿದ್ದರು. ಈ ಸೇವೆ ಕೊಳ್ಳುವವರು ಆ ದಿನ ತಮ್ಮ ವೇಳಾಪಟ್ಟಿಯೊಳಗೆ ಬರುತ್ತದೆಯೇ ಎಂದು ಮೊದಲೇ ಕೇಳಬೇಕು.

ಒಡನಾಟದ ಬಗ್ಗೆ ಮಾತ್ರ ಭ್ರಮೆ ಬೇಡ. 2025ರ ಸೆಪ್ಟೆಂಬರ್‌ನಿಂದ ವಸಂತದ ಆರೋಹಣಕ್ಕೆ ಸರಕಾರದ ಪರವಾನಗಿ ಶುಲ್ಕವೇ 11,000 ಡಾಲರಿನಿಂದ 15,000 ಡಾಲರಿಗೆ ಏರಿದೆ. ಅಷ್ಟು ತೆತ್ತು ಬಂದ ಆರೋಹಿ ಚಾರಣಿಗರ ನೆಗಡಿ ಕೆಮ್ಮನ್ನು ಕಂಡರೆ ದೂರ ಸರಿಯುವುದು ಸಹಜ. ಒಣಗಾಳಿಯಲ್ಲಿ ಬರುವ ಖುಂಬು ಕೆಮ್ಮು ಒಬ್ಬರನ್ನೂ ಬಿಡುವುದಿಲ್ಲವಾದ್ದರಿಂದ ಊಟಕ್ಕೆ ನಮಗೆ ಬೇರೆ ಮೇಜು ಹಾಕಿದ್ದರು. ಇದು ಸರಿಯಾದ ಕ್ರಮವೇ, ಆದರೆ ‘ಆರೋಹಿಗಳೊಂದಿಗೆ ಭೋಜನ’ ಎಂಬ ಸಾಲನ್ನು ಕರಪತ್ರದಿಂದ ತೆಗೆಯಬೇಕು.

ಬೇಸ್ ಕ್ಯಾಂಪಿನಲ್ಲಿ ನನ್ನ ದೊಡ್ಡ ದೂರು ಮಲಗುವ ಚೀಲದ್ದು. ಮೈನಸ್ 20 ಡಿಗ್ರಿಗೆ ತಕ್ಕುದೆಂದು ಬಾಡಿಗೆಗೆ ಕೊಟ್ಟ ಸ್ಲೀಪಿಂಗ್ ಬ್ಯಾಗಿನಲ್ಲಿ ಪುಕ್ಕವೆಲ್ಲ ಕಾಲಿನ ಕಡೆ ಮುದ್ದೆಗಟ್ಟಿ, ಎದೆಯ ಮೇಲೆ ಬರೀ ಎರಡು ಪದರ ಬಟ್ಟೆ ಉಳಿದಿತ್ತು. ಟಾರ್ಚನ್ನು ಒಳಗಿನಿಂದ ಹಿಡಿದರೆ ಬೆಳಕು ಹೊರಗೆ ಕಾಣುತ್ತಿತ್ತು. ಕೆಳಗಿನ ಲಾಡ್ಜುಗಳಲ್ಲಿ ಮೇಲೊಂದು ರಜಾಯಿ ಹೊದ್ದು ನಿಭಾಯಿಸಿದ್ದೆ. ಹಿಮನದಿಯ ಮೇಲೆ ಅದು ನಡೆಯಲಿಲ್ಲ. ಅಡುಗೆಯವರು ಕುದಿನೀರು ತುಂಬಿದ ಬಾಟಲಿಗಳನ್ನು ಕೊಟ್ಟು, ಸರ್ದಾರರು ತಮ್ಮ ಡೌನ್ ಜಾಕೆಟನ್ನೇ ಮೇಲೆ ಹೊದಿಸಿ ರಾತ್ರಿ ಕಳೆಸಿದರು. ಬಾಡಿಗೆ ಚೀಲವನ್ನು ಕಠ್ಮಂಡುವಿನಲ್ಲೇ ಬಿಚ್ಚಿ, ಕೊಡವಿ, ಬೆಳಕಿಗೆ ಹಿಡಿದು ನೋಡಿ ಪಡೆಯಬೇಕು.

ಬೇಸ್ ಕ್ಯಾಂಪಿನಿಂದ ಎವರೆಸ್ಟ್ ಶಿಖರ ಕಾಣುವುದಿಲ್ಲ, ಪಶ್ಚಿಮದ ಭುಜ ಅದನ್ನು ಮರೆಮಾಡುತ್ತದೆ. ಶಿಖರ ನೋಡಲು ಗೋರಕ್‌ಶೆಪ್ ಮೇಲಿನ ಕಾಲಾಪತ್ಥರ್ ಏರಬೇಕು, ಅದು ಸೇವೆಯಲ್ಲಿ ಸೇರಿದೆ. ಅದನ್ನು ಏರಿ ಇಳಿದ ಮೇಲೆ ಸಹಾಯಕ ಮಾರ್ಗದರ್ಶಿಯೊಬ್ಬರು ಒಬ್ಬೊಬ್ಬರನ್ನೇ ಕರೆದು, ಕಾಲುನೋವಿದೆಯೇ, ವಿಮೆಯಿದೆಯಲ್ಲ, ಹೆಲಿಕಾಪ್ಟರಿನಲ್ಲಿ ಇಳಿಯಬಹುದಲ್ಲ ಎಂದು ಕೇಳತೊಡಗಿದರು. ಅನಗತ್ಯ ಹೆಲಿಕಾಪ್ಟರ್ ರಕ್ಷಣೆಯ ಹೆಸರಿನಲ್ಲಿ ವಿಮಾ ಸಂಸ್ಥೆಗಳಿಂದ ಹಣ ಸೆಳೆಯುವ ಜಾಲದ ಬಗ್ಗೆ ನೇಪಾಳ ಸರಕಾರವೇ 2018ರಲ್ಲಿ ತನಿಖೆ ನಡೆಸಿತ್ತು. ವಿಮೆ 6,000 ಮೀಟರ್‌ವರೆಗಿನ ಎತ್ತರಕ್ಕೂ ಹೆಲಿಕಾಪ್ಟರ್ ವೆಚ್ಚಕ್ಕೂ ಅನ್ವಯಿಸುವಂಥದ್ದಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸುಸ್ತಾದವರನ್ನು ರೋಗಿಯೆಂದು ಬರೆದು ಹಾರಿಸುವುದು ಬೇರೆ. ವಿಷಯ ಸರ್ದಾರರ ಕಿವಿಗೆ ಬಿದ್ದ ಮೇಲೆ ಆ ಮಾತು ನಿಂತಿತು. ನಾವೆಲ್ಲ ನಡೆದೇ ಇಳಿದೆವು.

ಕಠ್ಮಂಡುವಿಗೆ ಮರಳಿದ ಮೇಲೆ ಕಚೇರಿಗೆ ಲಿಖಿತ ದೂರು ಕೊಟ್ಟೆ. ಉದ್ಯಾನದ ಶುಲ್ಕದ ವ್ಯತ್ಯಾಸವನ್ನು ರಸೀತಿ ನೋಡಿ ಅಲ್ಲೇ ನಗದಾಗಿ ಹಿಂತಿರುಗಿಸಿದರು. ಸ್ಲೀಪಿಂಗ್ ಬ್ಯಾಗಿನ ಬಾಡಿಗೆಯಲ್ಲಿ ಅರ್ಧ ಬಿಟ್ಟುಕೊಟ್ಟರು, ಮಂಥಲಿಯ ವಿಷಯಕ್ಕೆ ಕ್ಷಮೆ ಮಾತ್ರ ಸಿಕ್ಕಿತು. ಗುತ್ತಿಗೆ ಹೊರೆಯಾಳುಗಳ ಪ್ರಶ್ನೆಗೆ ಮಾತ್ರ ಉತ್ತರ ಇನ್ನೂ ಬಂದಿಲ್ಲ. ಮುಂಗಡ ಕೊಡುವ ಮುನ್ನ ಸರ್ದಾರರು ಯಾರು, ಅವರು ಇಡೀ ನಡಿಗೆಯಲ್ಲಿ ಜೊತೆಗಿರುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ನಮ್ಮ ಸರ್ದಾರರು ಮುಂದಿನ ವಸಂತಕ್ಕೆ ಇದೇ ಸಂಸ್ಥೆಯಲ್ಲಿ ಇರುತ್ತಾರೆಯೇ ಎಂದು ಕೇಳಿದಾಗ, ಅವರು ಋತುವಿನಿಂದ ಋತುವಿಗೆ ಕರಾರಿನ ಮೇಲೆ ಬರುವವರೆಂದು ಮೇಜಿನ ಹಿಂದಿದ್ದವರು ತಿಳಿಸಿದರು.